ನಂಬಬಹುದಾದ ವೆಲ್ಡಿಂಗ್ ಸಾಮಾನಿನ ಅಂಗಡಿ ಹುಡುಕುವುದು ಹೇಗೆ?

"ವೆಲ್ಡಿಂಗ್ ಸಾಮಾನಿಗೆ ಒಂದು ಒಳ್ಳೆ ಅಂಗಡಿ ಹೇಳಿ" ಅಂತ ಕೇಳುವವರು ತುಂಬಾ ಜನ. ಐಟಿಐ ಮುಗಿಸಿ ಸ್ವಂತ ಶೆಡ್ ಹಾಕುತ್ತಿರುವ ಹುಡುಗರು ಕೇಳುತ್ತಾರೆ. ತೋಟದ ಗೇಟು, ಟ್ರಾಲಿ ತಾವೇ ರಿಪೇರಿ ಮಾಡಿಕೊಳ್ಳೋಣ ಅಂತ ಮಷೀನ್ ತಂದ ರೈತರು ಕೇಳುತ್ತಾರೆ. ನಾನು ಒಂದು ಅಂಗಡಿಯ ಹೆಸರು ಹೇಳಿಬಿಟ್ಟರೆ ಹೆಚ್ಚು ಉಪಯೋಗವಿಲ್ಲ. ನೀವು ಶಿರಸಿಯಲ್ಲಿದ್ದರೆ ಬೆಂಗಳೂರಿನ ಅಂಗಡಿ ಕಟ್ಟಿಕೊಂಡು ಏನು ಮಾಡುತ್ತೀರಿ? ಅದಕ್ಕೇ ಅಂಗಡಿಯನ್ನು ನೀವೇ ಅಳೆದು ನೋಡುವ ದಾರಿ ಇಲ್ಲಿ ಬರೆದಿದ್ದೇನೆ. ಯಾವ ಊರಿನಲ್ಲಾದರೂ ಇದು ನಡೆಯುತ್ತದೆ.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ ಅಂತ ಅನಿಸಬಹುದು. ಬೇಕು. ಬಟ್ಟೆ ಕೆಟ್ಟದ್ದಾದರೆ ಮೊದಲ ಒಗೆತದಲ್ಲೇ ಗೊತ್ತಾಗುತ್ತದೆ. ಕೆಟ್ಟ ವೆಲ್ಡಿಂಗ್ ರಾಡಿನ ದೋಷ ಬೆಸುಗೆಯ ಒಳಗೆ ಅಡಗಿ ಕೂರುತ್ತದೆ. ಮೇಲೆ ಗ್ರೈಂಡ್ ಮಾಡಿ ಪೇಂಟ್ ಹೊಡೆದರೆ ಯಾರಿಗೂ ಕಾಣದು. ಆಮೇಲೆ ಆ ಮೆಟ್ಟಿಲ ಮೇಲೆ ಮಕ್ಕಳು ಓಡಾಡುತ್ತಾರೆ. ಆ ಸ್ಟ್ಯಾಂಡ್ ಮೇಲೆ ಸಾವಿರ ಲೀಟರ್ ನೀರಿನ ಟ್ಯಾಂಕ್ ಕೂರುತ್ತದೆ. ಗ್ಯಾಸ್ ಸಿಲಿಂಡರ್ ವಿಷಯದಲ್ಲಂತೂ ತಪ್ಪು ಅಂಗಡಿ ಜೀವಕ್ಕೇ ಕುತ್ತು.

ಹೊರಡುವ ಮುಂಚೆ ಕೆಲವು ವಸ್ತು ಸಿದ್ಧ ಮಾಡಿಕೊಳ್ಳಿ. ಒಂದು ನೋಟ್‌ಬುಕ್, ಫೋನ್, ವರ್ನಿಯರ್ ಇದ್ದರೆ ವರ್ನಿಯರ್ (ಮಿಲಿಮೀಟರಿನ ಭಾಗಗಳನ್ನೂ ಅಳೆಯುವ ಸಾಧನ), ಮನೆಯಲ್ಲಿ ಒಂದು ತೂಕದ ಯಂತ್ರ, ಮತ್ತು ಪರೀಕ್ಷೆಗೆ 5 ಎಂಎಂ ದಪ್ಪದ ಕಬ್ಬಿಣದ ಪ್ಲೇಟ್ ತುಂಡುಗಳು.

ಹಂತ 1: ನಿಮಗೆ ಏನು ಬೇಕು ಅಂತ ಮೊದಲು ಬರೆದುಕೊಳ್ಳಿ

ಜಾಸ್ತಿ ಜನ ಎಡವುವುದು ಇಲ್ಲೇ. "ವೆಲ್ಡಿಂಗ್ ರಾಡ್ ಕೊಡಿ" ಅಂತ ಕೇಳಿದರೆ ಅಂಗಡಿಯವರು ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. ಅದು ಅವರ ತಪ್ಪೂ ಅಲ್ಲ. ಯಾವ ಲೋಹ, ಎಷ್ಟು ದಪ್ಪ, ಯಾವ ಮಷೀನು, ತಿಂಗಳಿಗೆ ಎಷ್ಟು ಬೇಕಾಗಬಹುದು, ಇಷ್ಟು ಬರೆದುಕೊಂಡು ಹೋಗಿ.

ಅಂಗಡಿಯ ಭಾಷೆ ಸ್ವಲ್ಪ ತಿಳಿದಿರಲಿ. "12 ನಂಬರ್ ರಾಡ್" ಅಂದರೆ 2.5 ಎಂಎಂ. "10 ನಂಬರ್" ಅಂದರೆ 3.15 ಎಂಎಂ. "8 ನಂಬರ್" ಅಂದರೆ 4 ಎಂಎಂ. ನಂಬರ್ ಜಾಸ್ತಿಯಾದಷ್ಟೂ ರಾಡ್ ತೆಳ್ಳಗೆ, ಇದು ನೆನಪಿರಲಿ. ಈ ಅಳತೆ ರಾಡಿನ ಒಳಗಿನ ತಂತಿಯದು. ಮೇಲಿನ ಲೇಪನ ಲೆಕ್ಕಕ್ಕಿಲ್ಲ.

ಪ್ಯಾಕೆಟ್ ಮೇಲೆ 6013 ಅಂತ ಇದ್ದರೆ ಅದು ಗೇಟು, ಗ್ರಿಲ್, ಕಿಟಕಿ ಕೆಲಸಕ್ಕೆ ಬಳಸುವ ಸಾಮಾನ್ಯ ರಾಡ್. ಮೊದಲ ಎರಡು ಅಂಕೆ ಬೆಸುಗೆಯ ಬಲ ಹೇಳುತ್ತವೆ: ಚದರ ಇಂಚಿಗೆ 60,000 ಪೌಂಡ್ ಎಳೆತ ತಡೆಯುತ್ತದೆ ಅಂತ. ಮೂರನೆಯ 1 ಅಂದರೆ ನೆಲಕ್ಕೆ, ಗೋಡೆಗೆ, ತಲೆಯ ಮೇಲೆ, ಹೇಗೆ ಬೇಕಾದರೂ ಬೆಸೆಯಬಹುದು. ಕೊನೆಯ ಅಂಕೆ ಲೇಪನದ ಜಾತಿ ಮತ್ತು ಯಾವ ಕರೆಂಟಿಗೆ ಹೊಂದುತ್ತದೆ ಅನ್ನುವುದು. 7018 ಅಂದರೆ ಲೋ ಹೈಡ್ರೋಜನ್ ರಾಡ್. ದಪ್ಪ ಪ್ಲೇಟ್, ಭಾರ ಹೊರುವ ಕೆಲಸ, ಟ್ರ್ಯಾಕ್ಟರ್ ಟ್ರೇಲರ್‌ನ ಚಾಸಿ ಇಂಥದ್ದಕ್ಕೆ. 304 ಸ್ಟೇನ್‌ಲೆಸ್ ಸ್ಟೀಲ್ ಬೆಸೆಯಲು 308ಎಲ್ ರಾಡ್ ಕೇಳಬೇಕು. ಮಿಗ್ ಮಷೀನ್ (ತಂತಿ ತಾನಾಗಿ ಬರುವ ಮಷೀನು) ಇದ್ದರೆ ಕಬ್ಬಿಣಕ್ಕೆ ಇಆರ್ 70ಎಸ್-6 ತಂತಿ.

ಹಂತ 2: ಎಲ್ಲಿ ಹುಡುಕಬೇಕು

ಫೋನಿನಲ್ಲಿ ಹುಡುಕಿದರೆ ಮೊದಲು ಬರುವ ಅಂಗಡಿಯೇ ಒಳ್ಳೆಯದು ಅಂತ ತಿಳಿಯಬೇಡಿ. ನಕ್ಷತ್ರಗಳನ್ನು ಎಣಿಸುವುದಕ್ಕಿಂತ ಕೆಲಸ ಮಾಡುವವರನ್ನು ಕೇಳುವುದು ಮೇಲು.

ನಿಮ್ಮ ಊರಿನಲ್ಲಿ ಲಾರಿ ಬಾಡಿ ಕಟ್ಟುವವರು, ಟ್ರಾಲಿ ಮಾಡುವವರು, ಬೋರ್‌ವೆಲ್ ರಿಗ್ ರಿಪೇರಿ ಮಾಡುವವರು ಇರುತ್ತಾರೆ. ದಿನಕ್ಕೆ ಹತ್ತಾರು ರಾಡ್ ಸುಡುವವರು ಇವರು. ಮೂರು ಶೆಡ್‌ಗೆ ಹೋಗಿ ಒಂದೇ ಪ್ರಶ್ನೆ ಕೇಳಿ: "ಅಣ್ಣಾ, ಸಾಮಾನು ಕೆಟ್ಟದ್ದು ಬಂದರೆ ಯಾವ ಅಂಗಡಿಯವರು ವಾಪಸ್ ತಗೊಳ್ತಾರೆ?" "ಯಾವ ಅಂಗಡಿ ಚೆನ್ನಾಗಿದೆ" ಅಂತ ಕೇಳಿದರೆ ಎಲ್ಲರೂ ತಮ್ಮ ಪರಿಚಯದವರ ಹೆಸರು ಹೇಳುತ್ತಾರೆ. ವಾಪಸ್ ವಿಷಯ ಕೇಳಿದರೆ ನಿಜವಾದ ಅನುಭವ ಹೊರಗೆ ಬರುತ್ತದೆ. ಹತ್ತಿರದ ಐಟಿಐಯಲ್ಲಿ ವೆಲ್ಡರ್ ಟ್ರೇಡ್ ಕಲಿಸುವ ಮೇಷ್ಟ್ರು ಇದ್ದರೆ ಅವರನ್ನೂ ಕೇಳಿ. ಹುಡುಗರ ಅಭ್ಯಾಸಕ್ಕೆ ವರ್ಷವಿಡೀ ರಾಡ್ ಬೇಕಾಗುವ ಜಾಗ ಅದು.

ಬೆಂಗಳೂರಿನವರಿಗೆ ಎಸ್‌ಜೆಪಿ ರಸ್ತೆ ಗೊತ್ತೇ ಇದೆ. ಟೌನ್ ಹಾಲ್ ಹತ್ತಿರದ ಆ ಸಾಲಿನಲ್ಲಿ ಹಾರ್ಡ್‌ವೇರ್, ಮಷೀನ್, ಟೂಲ್ಸ್ ಎಲ್ಲ ಸಿಗುತ್ತದೆ. ಪೀಣ್ಯದ ಕಡೆ ಕಾರ್ಖಾನೆಗಳಿಗೆ ಸಾಮಾನು ಕೊಡುವ ಅಂಗಡಿಗಳಿವೆ. ಬೇರೆ ಊರುಗಳಲ್ಲಿ ಕೈಗಾರಿಕಾ ಪ್ರದೇಶದಿಂದಲೇ ಹುಡುಕಾಟ ಶುರು ಮಾಡಿ. ಹುಬ್ಬಳ್ಳಿಯಲ್ಲಿ ಗೋಕುಲ ರಸ್ತೆ, ಬೆಳಗಾವಿಯಲ್ಲಿ ಉದ್ಯಮಬಾಗ, ಮೈಸೂರಿನಲ್ಲಿ ಹೆಬ್ಬಾಳ, ಮಂಗಳೂರಿನಲ್ಲಿ ಬೈಕಂಪಾಡಿ, ಶಿವಮೊಗ್ಗದಲ್ಲಿ ಮಾಚೇನಹಳ್ಳಿ. ಕಾರ್ಖಾನೆ ಇರುವ ಕಡೆ ಕೆಟ್ಟ ಮಾಲು ಇಟ್ಟುಕೊಂಡು ಬಹಳ ದಿನ ನಡೆಸುವುದು ಕಷ್ಟ.

ಇನ್ನೊಂದು ದಾರಿ, ಕಂಪನಿಗೇ ಫೋನ್ ಮಾಡುವುದು. ಅಡೋರ್, ಈಸಾಬ್, ಡಿ ಅಂಡ್ ಎಚ್ ಸೆಚೆರಾನ್ ಥರದ ರಾಡ್ ಕಂಪನಿಗಳಿಗೆ ಫೋನ್ ಮಾಡಿ "ನಮ್ಮ ಜಿಲ್ಲೆಯಲ್ಲಿ ನಿಮ್ಮ ಡೀಲರ್ ಯಾರು" ಅಂತ ಕೇಳಿ. ಬೋರ್ಡ್ ಹಾಕಿಕೊಂಡವರೆಲ್ಲ ಡೀಲರ್ ಆಗಿರುವುದಿಲ್ಲ.

ದೂರದ ಬಗ್ಗೆ ನನ್ನ ಅಭಿಪ್ರಾಯ ಇಷ್ಟು: ರಾಡ್, ಗ್ರೈಂಡರ್‌ನ ಕಟಿಂಗ್ ವೀಲ್, ಹೆಲ್ಮೆಟ್‌ನ ಕಪ್ಪು ಗ್ಲಾಸ್ ತಿಂಗಳಿಗೊಮ್ಮೆ ತರುವ ಸಾಮಾನು, ಅದಕ್ಕೆ ಐವತ್ತು ಕಿಲೋಮೀಟರ್ ಹೋದರೂ ಪರವಾಗಿಲ್ಲ. ಗ್ಯಾಸ್ ಮಾತ್ರ ಹತ್ತಿರದಲ್ಲೇ ಇರಬೇಕು. ಹಾಗಾಗಿ ಎರಡಕ್ಕೂ ಒಂದೇ ಅಂಗಡಿ ಸಿಗಲೇಬೇಕು ಅಂತ ಹಠ ಬೇಡ.

ಹಂತ 3: ಮೊದಲ ಸಲ ಹೋದಾಗ ಏನೂ ಕೊಳ್ಳದೆ ನೋಡಿ

ಬೆಳಿಗ್ಗೆ ಜನ ತುಂಬಿರುವ ಹೊತ್ತಿಗೆ ಹೋಗಬೇಡಿ. ಮಧ್ಯಾಹ್ನ ಮೂರರ ಹೊತ್ತಿಗೆ ಹೋದರೆ ಅಂಗಡಿಯವರಿಗೆ ಮಾತಾಡಲು ಪುರುಸೊತ್ತು ಇರುತ್ತದೆ.

ಮೊದಲು ರಾಡ್ ಪ್ಯಾಕೆಟ್ ಎಲ್ಲಿಟ್ಟಿದ್ದಾರೆ ನೋಡಿ. ನೆಲದ ಮೇಲೆ, ಗೋಡೆಗೆ ಒರಗಿಸಿ ಇಟ್ಟಿದ್ದರೆ ಅಲ್ಲೇ ಒಂದು ಅಂಕ ಕಡಿಮೆ ಮಾಡಿ. ನೆಲದಿಂದ ಎತ್ತರದಲ್ಲಿ, ಮರದ ಹಲಗೆ ಅಥವಾ ರ‍್ಯಾಕ್ ಮೇಲೆ, ಗೋಡೆಯಿಂದ ಸ್ವಲ್ಪ ದೂರ ಇರಬೇಕು. ಮಲೆನಾಡು, ಕರಾವಳಿಯವರು ಇದನ್ನು ಇನ್ನೂ ಕಟ್ಟುನಿಟ್ಟಾಗಿ ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರುಗಳವು. ರಾಡಿನ ಲೇಪನ ಉಪ್ಪಿನ ಹಾಗೆ ತೇವ ಎಳೆದುಕೊಳ್ಳುತ್ತದೆ.

ಆಮೇಲೆ ಎರಡು ಪ್ರಶ್ನೆ ಕೇಳಿ. ಉತ್ತರ ನಿಮಗೆ ಮೊದಲೇ ಗೊತ್ತಿರಲಿ.

ಒಂದು: "7018 ರಾಡ್ ಬಳಸುವ ಮುಂಚೆ ಏನು ಮಾಡಬೇಕು?" ಸರಿಯಾದ ಉತ್ತರ: ಓವನ್‌ನಲ್ಲಿ ಬೇಕ್ ಮಾಡಬೇಕು, ಸಾಮಾನ್ಯವಾಗಿ 250 ರಿಂದ 350 ಡಿಗ್ರಿಯಲ್ಲಿ ಒಂದೆರಡು ಗಂಟೆ, ಪ್ಯಾಕೆಟ್ ಮೇಲೆ ಹೇಳಿದ ಹಾಗೆ. ಇಲ್ಲವೇ ವ್ಯಾಕ್ಯೂಮ್ ಪ್ಯಾಕ್ ತಗೊಂಡು ತೆರೆದ ದಿನವೇ ಮುಗಿಸಿ ಅಂತ ಹೇಳಬೇಕು. "ಬಿಸಿಲಿಗಿಟ್ಟರೆ ಸಾಕು" ಅಂದರೆ ಆ ಅಂಗಡಿಯಲ್ಲಿ 7018 ಕೊಳ್ಳಬೇಡಿ. ತೇವದೊಳಗಿನ ಹೈಡ್ರೋಜನ್ ಬೆಸುಗೆಗೆ ಸೇರಿದರೆ ದಪ್ಪ ಕಬ್ಬಿಣ ಗಂಟೆಗಳ ನಂತರ, ಕೆಲವೊಮ್ಮೆ ಮಾರನೆ ದಿನ, ಬಿರುಕು ಬಿಡಬಹುದು.

ಎರಡು: "2 ಎಂಎಂ ಪೈಪಿಗೆ ಯಾವ ರಾಡ್, ಎಷ್ಟು ಕರೆಂಟು?" 2.5 ಎಂಎಂ ರಾಡ್, 60 ರಿಂದ 90 ಆಂಪ್ ಒಳಗೆ ಅನ್ನುವ ಅರ್ಥದ ಉತ್ತರ ಬರಬೇಕು.

ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಕಂಪನಿಯವರನ್ನ ಕೇಳಿ ಹೇಳ್ತೀನಿ" ಅನ್ನುವವರು ಸಿಕ್ಕರೆ ಅವರನ್ನು ಬಿಡಬೇಡಿ. ಬಾಯಿಗೆ ಬಂದಿದ್ದು ಹೇಳುವವರಿಗಿಂತ ಇವರು ನೂರು ಪಾಲು ಮೇಲು.

ಕೊನೆಗೆ ಹೆಲ್ಮೆಟ್, ಚರ್ಮದ ಗ್ಲೌಸ್, ಬ್ಲಾಕ್ ಗ್ಲಾಸ್ ಇದೆಯಾ ನೋಡಿ. ಗ್ಲಾಸ್‌ನ ಕಪ್ಪಿಗೆ ನಂಬರ್ ಇರುತ್ತದೆ. ರಾಡ್ ವೆಲ್ಡಿಂಗ್‌ಗೆ 10 ಅಥವಾ 11 ಬೇಕು. ನಂಬರೇ ಇಲ್ಲದ ಕಪ್ಪು ಗಾಜನ್ನು "ಇದೂ ಅದೇ" ಅಂತ ಕೊಡುವವರಿಂದ ಕೊಳ್ಳಬೇಡಿ. ಕಪ್ಪಾಗಿ ಕಂಡ ಮಾತ್ರಕ್ಕೆ ಕಣ್ಣು ಸುಡುವ ಕಿರಣ ತಡೆಯುತ್ತದೆ ಅಂತ ಹೇಳಲಾಗದು.

ಹಂತ 4: ಸಾಮಾನು ಕೈಗೆ ತಗೊಂಡು ಪರೀಕ್ಷಿಸಿ

ಮೊದಲು ರಾಡ್. ಪ್ಯಾಕೆಟ್ ಮೇಲೆ ಬ್ಯಾಚ್ ನಂಬರ್, ಅಳತೆ, ರಾಡಿನ ವರ್ಗ ಅಚ್ಚಾಗಿರಬೇಕು. ಕಬ್ಬಿಣದ ರಾಡಿಗೆ ನಮ್ಮ ದೇಶದ ಮಾನದಂಡ ಐಎಸ್ 814. ಐಎಸ್‌ಐ ಗುರುತು ಇದ್ದರೆ ಅದರ ಜೊತೆಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಫೋನಿನಲ್ಲಿ ಬಿಐಎಸ್ ಕೇರ್ ಆ್ಯಪ್ ಹಾಕಿಕೊಂಡು ಆ ನಂಬರ್ ಹಾಕಿ. ಯಾವ ಕಂಪನಿಗೆ ಕೊಟ್ಟ ಲೈಸೆನ್ಸ್, ಈಗಲೂ ಚಾಲ್ತಿಯಲ್ಲಿದೆಯಾ ಅಂತ ಅಲ್ಲೇ ತೋರಿಸುತ್ತದೆ. ಎರಡು ನಿಮಿಷದ ಕೆಲಸ. ದೊಡ್ಡ ಕಂಪನಿಯ ಹೆಸರಿನಲ್ಲಿ ಒಂದಕ್ಷರ ಬದಲಾಯಿಸಿ, ಅದೇ ಬಣ್ಣದ ಪ್ಯಾಕೆಟ್ ಮಾಡಿ ಮಾರುವವರಿದ್ದಾರೆ, ಹೆಸರು ಬಿಡಿಸಿ ಬಿಡಿಸಿ ಓದಿ.

ಒಂದು ರಾಡ್ ಹೊರತೆಗೆಯಿರಿ. ಹಿಡಿ ಕಡೆಯ ಬೋಳು ತುದಿಯಲ್ಲಿ ತುಕ್ಕು ಇರಬಾರದು. ಲೇಪನದ ಮೇಲೆ ಬಿರುಕು, ಬಿಳಿ ಬೂಷ್ಟು ಇರಬಾರದು. ಸುಡುವ ತುದಿಯನ್ನು ನೇರವಾಗಿ ಕಣ್ಣಿಗೆ ಹಿಡಿದು ನೋಡಿ. ತಂತಿ ಸರಿಯಾಗಿ ನಡುವಿನಲ್ಲಿ ಇರಬೇಕು. ಒಂದು ಪಕ್ಕಕ್ಕೆ ಸರಿದಿದ್ದರೆ ಬೆಂಕಿ ಒಂದೇ ಕಡೆ ಎಳೆಯುತ್ತದೆ, ಬೆಸುಗೆ ಸೊಟ್ಟಗಾಗುತ್ತದೆ.

ಬೆಲೆ ಹೋಲಿಸುವಾಗ ಒಂದು ಮೋಸ ಆಗುತ್ತದೆ. ಒಂದು ಕಂಪನಿಯ 3.15 ರಾಡ್ 350 ಎಂಎಂ ಉದ್ದ, ಇನ್ನೊಂದರದು 450 ಎಂಎಂ. ಪ್ಯಾಕೆಟ್ಟಿನಲ್ಲಿರುವ ರಾಡಿನ ಎಣಿಕೆಯೂ ಬೇರೆ. ಹಾಗಾಗಿ ಪ್ಯಾಕೆಟ್ ಬೆಲೆ ನೋಡಬೇಡಿ. ತೂಕ ಮಾಡಿ, ಕಿಲೋಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿ. ಮನೆಗೆ ತಂದ ಮೇಲೆ ಒಂದು ರಾಡಿನ ಲೇಪನ ಉದುರಿಸಿ ತಂತಿಯನ್ನು ವರ್ನಿಯರ್‌ನಲ್ಲಿ ಅಳೆಯಿರಿ. 3.15 ಅಂತ ಬರೆದಲ್ಲಿ 2.9 ಇದ್ದರೆ ಆ ಅಂಗಡಿಗೆ ಮತ್ತೆ ಹೋಗುವ ಅಗತ್ಯವಿಲ್ಲ.

ಸ್ಟೇನ್‌ಲೆಸ್ ಸ್ಟೀಲ್ ರಾಡ್ ಕೊಳ್ಳುವವರು ಆಯಸ್ಕಾಂತದ ಪರೀಕ್ಷೆ ನಂಬಬೇಡಿ. ಒಳ್ಳೆಯ 308ಎಲ್ ಬೆಸುಗೆಗೂ ಆಯಸ್ಕಾಂತ ಸ್ವಲ್ಪ ಅಂಟುತ್ತದೆ. ಬೆಸುಗೆ ಬಿರುಕು ಬಿಡದಿರಲಿ ಅಂತಲೇ ಅದರಲ್ಲಿ ಸ್ವಲ್ಪ ಫೆರೈಟ್ (ಆಯಸ್ಕಾಂತಕ್ಕೆ ಅಂಟುವ ಉಕ್ಕಿನ ರೂಪ) ಇರುವ ಹಾಗೆ ಮಾಡಿರುತ್ತಾರೆ. "ಅಂಟಿತು, ಡುಪ್ಲಿಕೇಟ್" ಅಂತ ಜಗಳ ಮಾಡಿ ಒಳ್ಳೆ ಅಂಗಡಿ ಕಳೆದುಕೊಂಡವರಿದ್ದಾರೆ.

ಟಿಗ್ (ಟಂಗ್‌ಸ್ಟನ್ ಕಡ್ಡಿಯಿಂದ, ಆರ್ಗಾನ್ ಗ್ಯಾಸ್ ಹಾಯಿಸಿ ಮಾಡುವ ವೆಲ್ಡಿಂಗ್) ಮಾಡುವವರು ಆ ಕಡ್ಡಿಯ ತುದಿಯ ಬಣ್ಣ ನೋಡಿ. ಕೆಂಪು ತುದಿಯದರಲ್ಲಿ ಥೋರಿಯಂ ಇರುತ್ತದೆ. ಅದು ಸ್ವಲ್ಪ ಮಟ್ಟಿಗೆ ವಿಕಿರಣ ಬಿಡುವ ವಸ್ತು, ಚೂಪು ಮಾಡುವಾಗ ಬರುವ ಧೂಳು ಉಸಿರಿಗೆ ಹೋಗಬಾರದು. ಬೂದು, ಚಿನ್ನದ ಅಥವಾ ನೀಲಿ ಬಣ್ಣದ ತುದಿಯದು ಕೇಳಿ. ಅವುಗಳಲ್ಲಿ ಥೋರಿಯಂ ಇರುವುದಿಲ್ಲ. ಅಂಗಡಿಯಲ್ಲಿ ಇಲ್ಲದಿದ್ದರೆ ತರಿಸಿಕೊಡುತ್ತಾರಾ ಕೇಳಿ, ಅದೂ ಒಂದು ಪರೀಕ್ಷೆಯೇ.

ಕಟಿಂಗ್ ವೀಲ್ ಬಗ್ಗೆ ಸ್ವಲ್ಪ ನಿಧಾನವಾಗಿ ಓದಿ. ವೀಲ್‌ಗೂ ಎಕ್ಸ್‌ಪೈರಿ ಇದೆ ಅಂತ ಬಹಳ ಜನರಿಗೆ ಗೊತ್ತಿಲ್ಲ. ಒಳ್ಳೆ ಕಂಪನಿಯ ವೀಲ್ ನಡುವಿನ ಲೋಹದ ಉಂಗುರದ ಮೇಲೆ ಎಕ್ಸ್‌ಪೈರಿಯ ತಿಂಗಳು, ವರ್ಷ ಒತ್ತಿರುತ್ತಾರೆ. ತಯಾರಾದ ದಿನದಿಂದ ಮೂರು ವರ್ಷ ಅದರ ಆಯಸ್ಸು. ಅಂಟು ಹಳೆಯದಾದ ವೀಲ್ ತಿರುಗುವಾಗಲೇ ಒಡೆದು ಮುಖಕ್ಕೆ ಹಾರುತ್ತದೆ. ವೀಲ್ ಮೇಲೆ ಬರೆದ ಗರಿಷ್ಠ ವೇಗವನ್ನೂ ಓದಿ. 4 ಇಂಚಿನ ವೀಲ್‌ಗೆ ಸಾಮಾನ್ಯವಾಗಿ ನಿಮಿಷಕ್ಕೆ 15,300 ಸುತ್ತು ಅಂತ ಇರುತ್ತದೆ. ಸಣ್ಣ ಗ್ರೈಂಡರ್ ತಿರುಗುವುದು 11,000 ದಿಂದ 12,000, ಹಾಗಾಗಿ ಸುರಕ್ಷಿತ. 14 ಇಂಚಿನ ವೀಲ್‌ನ ಮಿತಿ ಸುಮಾರು 4,300 ಮಾತ್ರ. ಗಾರ್ಡ್ ತೆಗೆದು ಸಣ್ಣ ಗ್ರೈಂಡರ್‌ಗೆ ದೊಡ್ಡ ವೀಲ್ ಹಾಕಿಕೊಳ್ಳಿ ಅಂತ ಸಲಹೆ ಕೊಡುವ ಅಂಗಡಿಯವರ ಹತ್ತಿರ ಯಾವ ಸಲಹೆಯನ್ನೂ ಕೇಳಬೇಡಿ.

ಕೇಬಲ್‌ನಲ್ಲಿ ನೋಡಬೇಕಾದದ್ದು ಒಂದೇ: ತಾಮ್ರವೋ, ತಾಮ್ರ ಬಳಿದ ಅಲ್ಯೂಮಿನಿಯಮ್ಮೋ. ಒಂದು ಎಳೆಯನ್ನು ಚಾಕುವಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. 35 ಚದರ ಎಂಎಂ ಕೇಬಲ್‌ನ ಒಂದು ಮೀಟರಿನಲ್ಲಿ ತಾಮ್ರವೇ 300 ಗ್ರಾಂ ಮೀರಿ ತೂಗಬೇಕು.

ಹಂತ 5: ಒಂದೇ ಪ್ಯಾಕೆಟ್ ತಂದು ಸುಟ್ಟು ನೋಡಿ

ಶುರುವಿನಲ್ಲಿ ನಾನು ಮಾಡಿದ ತಪ್ಪು ಇದು: ಬೆಲೆ ಕಡಿಮೆ ಅಂತ ಪರೀಕ್ಷೆ ಮಾಡದೆ ಒಂದು ಪೂರ್ತಿ ಬಾಕ್ಸ್ ತಂದೆ. ಮೆಟ್ಟಿಲಿನ ರೇಲಿಂಗ್ ಬೆಸುಗೆಯಲ್ಲಿ ಇಡ್ಲಿಯ ಹಾಗೆ ತೂತು. ಎಲ್ಲ ಜಾಯಿಂಟ್ ಕೆರೆದು ಮತ್ತೆ ಮಾಡಿಕೊಡಬೇಕಾಯಿತು. ನೀವು ಹಾಗೆ ಮಾಡಬೇಡಿ.

5 ಎಂಎಂ ಪ್ಲೇಟ್ ತುಂಡಿನ ಮೇಲೆ ಉದ್ದಕ್ಕೆ ಒಂದು ಬೀಡ್ (ಬೆಸುಗೆಯ ಸಾಲು) ಎಳೆಯಿರಿ. 6013 ಆದರೆ ಬೆಂಕಿ ಸುಲಭವಾಗಿ ಹತ್ತಬೇಕು. ನಿಲ್ಲಿಸಿ ಮತ್ತೆ ಮುಟ್ಟಿಸಿದಾಗಲೂ ಹತ್ತಬೇಕು. ತಣ್ಣಗಾದ ಮೇಲೆ ಸ್ಲ್ಯಾಗ್, ಅಂದರೆ ಮೇಲೆ ಕಟ್ಟುವ ಗಾಜಿನಂಥ ಸಿಪ್ಪೆ, ಸಣ್ಣ ಪೆಟ್ಟಿಗೇ ಏಳಬೇಕು. ಒಳಗೆ ಸೂಜಿ ಚುಚ್ಚಿದಂಥ ತೂತು ಕಂಡರೆ ರಾಡಿಗೆ ತೇವ ಹತ್ತಿದೆ ಅಥವಾ ಪ್ಲೇಟ್ ಕೊಳೆಯಾಗಿದೆ. ಪ್ಲೇಟ್ ಚೆನ್ನಾಗಿ ಉಜ್ಜಿ ಮತ್ತೊಮ್ಮೆ ಮಾಡಿ. ದೋಷ ಯಾರದ್ದು ಅಂತ ಆಗ ಖಾತ್ರಿಯಾಗುತ್ತದೆ.

ಆಮೇಲೆ ಎರಡು ತುಂಡನ್ನು ಟಿ ಆಕಾರದಲ್ಲಿ ನಿಲ್ಲಿಸಿ ಒಂದೇ ಪಕ್ಕ ಬೆಸೆಯಿರಿ. ತಣಿದ ಮೇಲೆ ವೈಸ್‌ಗೆ ಕಟ್ಟಿ, ನಿಂತ ತುಂಡನ್ನು ಬೆಸುಗೆಯ ಕಡೆಗೇ ಬಾಗುವ ಹಾಗೆ ಸುತ್ತಿಗೆಯಿಂದ ಹೊಡೆಯಿರಿ. ಹೀಗೆ ಬಾಗಿಸಿದರೆ ಬೆಸುಗೆಯ ಬುಡ ತೆರೆದುಕೊಳ್ಳುತ್ತದೆ. ಒಡೆಯದೆ ಮಡಿಸಿಕೊಂಡರೆ ಸರಿ. ಒಡೆದರೆ ಒಳಗೆ ನೋಡಿ. ಸ್ಲ್ಯಾಗ್ ಸಿಕ್ಕಿಹಾಕಿಕೊಂಡಿದ್ದರೆ ಅಥವಾ ಬುಡ ಕರಗಿ ಸೇರಿರದಿದ್ದರೆ ಮೊದಲು ನಿಮ್ಮ ಕೈ ಮತ್ತು ಕರೆಂಟ್ ಸರಿ ಮಾಡಿಕೊಳ್ಳಿ. ತೂತುಗಳೇ ತುಂಬಿದ್ದರೆ ರಾಡನ್ನು ಅನುಮಾನಿಸಿ. ಆ ತುಂಡನ್ನು ಬಿಸಾಡದೆ ಅಂಗಡಿಗೆ ತಗೊಂಡು ಹೋಗಿ ತೋರಿಸಿ. ಅಂಗಡಿಯವರು ಆಗ ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದರ ಮೇಲೆ ನಾನು ಅಂಗಡಿಯನ್ನು ಆರಿಸುತ್ತೇನೆ. ಬೇರೆ ಬ್ಯಾಚ್ ಕೊಡುವವರು, ಕಂಪನಿಗೆ ಫೋನ್ ಮಾಡುವವರು ಸಿಕ್ಕರೆ ಕಿಲೋಗೆ ನಾಲ್ಕು ರೂಪಾಯಿ ಜಾಸ್ತಿಯಾದರೂ ಅಲ್ಲೇ ಇರಿ.

ಹಂತ 6: ಗ್ಯಾಸ್

ಇಲ್ಲಿ ಅವಸರ ಬೇಡ.

ಮೊದಲು ಬಣ್ಣ ಗೊತ್ತಿರಲಿ. ನಮ್ಮಲ್ಲಿ ಕೈಗಾರಿಕೆಯ ಆಕ್ಸಿಜನ್ ಸಿಲಿಂಡರ್ ಕಪ್ಪು, ಅಸಿಟಿಲೀನ್ ಕಡುಗೆಂಪು, ಆರ್ಗಾನ್ ನೀಲಿ. ಅಂಗಡಿಯಲ್ಲಿ ಸಿಲಿಂಡರ್‌ಗಳು ನಿಂತಿರಬೇಕು, ಸರಪಳಿ ಹಾಕಿರಬೇಕು, ವಾಲ್ವ್ ಮೇಲೆ ಕ್ಯಾಪ್ ಇರಬೇಕು. ಅಸಿಟಿಲೀನ್, ಅಂದರೆ ಎಲ್ಲರೂ ಡಿಎ ಅನ್ನುವ ಸಿಲಿಂಡರ್, ಮಲಗಿಸಿದ್ದು ಕಂಡರೆ ವಾಪಸ್ ಬನ್ನಿ. ಅದರೊಳಗೆ ಗ್ಯಾಸ್ ಅಸಿಟೋನ್ ಅನ್ನುವ ದ್ರವದಲ್ಲಿ ಕರಗಿರುತ್ತದೆ. ಮಲಗಿಸಿ ಬಳಸಿದರೆ ಆ ದ್ರವ ಹೊರಗೆ ಬರುತ್ತದೆ.

ಗ್ಯಾಸ್ ಎಲ್ಲಿ ತುಂಬಿಸುತ್ತಾರೆ ಅಂತ ನೇರವಾಗಿ ಕೇಳಿ. ಸಿಲಿಂಡರ್ ತುಂಬುವ ಪ್ಲಾಂಟ್‌ಗೆ ಪೆಸೊ ಲೈಸೆನ್ಸ್ ಬೇಕು. ಪೆಸೊ ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ. 2016 ರ ಗ್ಯಾಸ್ ಸಿಲಿಂಡರ್ ನಿಯಮಗಳು ಅದರ ಕೈಯಲ್ಲಿವೆ. ಪ್ಲಾಂಟ್ ಹೆಸರು ಹೇಳಲು ಹಿಂದೆ ಮುಂದೆ ನೋಡುವ ಅಂಗಡಿ ಬೇಡ.

ಸಿಲಿಂಡರ್‌ನ ಭುಜದ ಮೇಲೆ ಅಂಕೆಗಳನ್ನು ಕೊರೆದಿರುತ್ತಾರೆ. ಅದರಲ್ಲಿ ಸಿಲಿಂಡರ್ ನಂಬರ್, ಖಾಲಿ ತೂಕ, ಪರೀಕ್ಷೆ ಮಾಡಿದ ತಿಂಗಳು, ವರ್ಷ ಇರುತ್ತವೆ. ಆಕ್ಸಿಜನ್, ಆರ್ಗಾನ್ ಸಿಲಿಂಡರ್‌ಗೆ ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ಕೊಟ್ಟು ನೋಡುವ ಪರೀಕ್ಷೆ) ಆಗಬೇಕು. ನೀವು ಸ್ವಂತ ದುಡ್ಡಿನಲ್ಲಿ ಹೊಸ ಸಿಲಿಂಡರ್ ಕೊಂಡು ಅಂಗಡಿಗೆ ಕೊಟ್ಟು ತುಂಬಿಸಿಕೊಂಡರೆ, ಬದಲಿಗೆ ಹಳೆಯದು, ಟೆಸ್ಟ್‌ನ ಅವಧಿ ಮುಗಿದದ್ದು ಬರುವ ಸಾಧ್ಯತೆ ಇದೆ. ಆಮೇಲೆ ಟೆಸ್ಟ್ ಖರ್ಚು ನಿಮ್ಮ ತಲೆಗೆ. ಅದಕ್ಕೇ ಸಿಲಿಂಡರ್ ನಂಬರನ್ನು ಫೋಟೋ ತೆಗೆದಿಟ್ಟುಕೊಳ್ಳಿ, ಕೊಡುವಾಗ ರಸೀದಿಯಲ್ಲಿ ಆ ನಂಬರ್ ಬರೆಸಿ. ತಿಂಗಳಿಗೆ ಒಂದೆರಡು ಸಿಲಿಂಡರ್ ಮಾತ್ರ ಬೇಕಾದವರಿಗೆ ಡೆಪಾಸಿಟ್ ಕಟ್ಟಿ ಬಾಡಿಗೆಗೆ ತರುವುದೇ ವಾಸಿ ಅಂತ ನನ್ನ ಅನಿಸಿಕೆ. ದಿನಕ್ಕೆ ಇಷ್ಟು ಬಾಡಿಗೆ ಅಂತ ಇದೆಯಾ, ಎಷ್ಟು ದಿನದ ನಂತರ ಶುರುವಾಗುತ್ತದೆ ಅಂತ ಮೊದಲೇ ಕೇಳಿ. ಈ ಒಂದು ಮಾತು ಕೇಳದೆ ಗ್ಯಾಸಿಗಿಂತ ಬಾಡಿಗೆಯೇ ಜಾಸ್ತಿ ಕಟ್ಟಿದವರು ತುಂಬಾ ಇದ್ದಾರೆ.

ತುಂಬಿದೆಯಾ ಅಂತ ತಿಳಿಯುವುದು ಗ್ಯಾಸಿನಿಂದ ಗ್ಯಾಸಿಗೆ ಬೇರೆ. ದೊಡ್ಡ ಆಕ್ಸಿಜನ್ ಸಿಲಿಂಡರ್ 7 ಕ್ಯೂಬಿಕ್ ಮೀಟರ್ ಹಿಡಿಯುತ್ತದೆ. ಪೂರ್ತಿ ತುಂಬಿದ್ದರೆ ರೆಗ್ಯುಲೇಟರ್ ಗೇಜ್ ಸುಮಾರು 150 ಕೆಜಿ ಒತ್ತಡ ತೋರಿಸಬೇಕು. 110 ತೋರಿಸಿದರೆ ಕಾಲು ಭಾಗಕ್ಕಿಂತ ಜಾಸ್ತಿ ಕಡಿಮೆ ತುಂಬಿದ್ದಾರೆ ಅಂತ ಲೆಕ್ಕ. ಕಾರ್ಬನ್ ಡೈ ಆಕ್ಸೈಡ್‌ಗೆ ಈ ಲೆಕ್ಕ ನಡೆಯದು. ಅದು ಒಳಗೆ ದ್ರವವಾಗಿರುತ್ತದೆ. ಕೊನೆಯ ಹನಿ ದ್ರವ ಇರುವವರೆಗೂ ಗೇಜ್ ಒಂದೇ ಒತ್ತಡ ತೋರಿಸುತ್ತದೆ. ಅದನ್ನು ತೂಕ ಮಾಡಿಯೇ ತಗೊಳ್ಳಬೇಕು: ಒಟ್ಟು ತೂಕದಲ್ಲಿ ಭುಜದ ಮೇಲಿನ ಖಾಲಿ ತೂಕ ಕಳೆಯಿರಿ. ದೊಡ್ಡ ಸಿಲಿಂಡರ್‌ಗೆ ಸುಮಾರು 30 ಕೆಜಿ ಬರಬೇಕು. ಎದುರಿಗೇ ತೂಕ ಮಾಡಿ ತೋರಿಸುವ ಅಂಗಡಿ ಇದ್ದರೆ ಅದು ಒಳ್ಳೆ ಗುರುತು.

ಆರ್ಗಾನ್ ಶುದ್ಧವಾಗಿದೆಯಾ ಅಂತ ಟಿಗ್ ಮಾಡಿದ ತಕ್ಷಣ ಗೊತ್ತಾಗುತ್ತದೆ. ಟಂಗ್‌ಸ್ಟನ್ ತುದಿ ಕಪ್ಪಾದರೆ, ಸ್ಟೀಲ್ ಬೆಸುಗೆ ಬೂದಿ ಬಣ್ಣಕ್ಕೆ ತಿರುಗಿದರೆ ಮೊದಲು ನಿಮ್ಮ ಹೋಸ್‌ನಲ್ಲಿ ಲೀಕ್ ಇದೆಯಾ ಸೋಪು ನೀರು ಹಚ್ಚಿ ನೋಡಿ. ಅಲ್ಲಿ ಸರಿಯಿದ್ದರೆ ಸಿಲಿಂಡರ್ ವಾಪಸ್ ಕೊಡಿ.

ಗ್ಯಾಸ್ ಕಟಿಂಗ್ ಮಾಡುವವರಿಗೆ ಎರಡು ಮಾತು. ಮನೆಯ 14.2 ಕೆಜಿ ಕೆಂಪು ಎಲ್‌ಪಿಜಿ ಸಿಲಿಂಡರ್ ಕೊಡುತ್ತೇನೆ ಅನ್ನುವ ಅಂಗಡಿಯಿಂದ ದೂರ ಇರಿ. ಮನೆಯ ಸಿಲಿಂಡರನ್ನು ವ್ಯಾಪಾರದ ಕೆಲಸಕ್ಕೆ ಬಳಸುವುದು ಕಾನೂನಿಗೆ ವಿರುದ್ಧ. ವ್ಯಾಪಾರಕ್ಕೆ 19 ಕೆಜಿಯ ಸಿಲಿಂಡರ್ ಬೇರೆಯೇ ಇದೆ. ಎರಡನೆಯದು, ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ ಇದೆಯಾ ಕೇಳಿ. ಬೆಂಕಿ ಪೈಪಿನ ಒಳಗೆ ಹಿಂದಕ್ಕೆ ಓಡಿ ಸಿಲಿಂಡರ್ ತಲುಪದ ಹಾಗೆ ತಡೆಯುವ ಸಣ್ಣ ಉಪಕರಣ ಅದು. "ಅದೆಲ್ಲ ಯಾರೂ ಹಾಕಲ್ಲ" ಅಂತ ಅಂಗಡಿಯವರೇ ಅಂದರೆ ಅಲ್ಲಿ ಗ್ಯಾಸ್ ತಗೊಳ್ಳಬೇಡಿ. ಮನೆಗೆ ತಂದ ಮೇಲೆ ಆಕ್ಸಿಜನ್ ರೆಗ್ಯುಲೇಟರ್‌ಗೆ ಎಣ್ಣೆ, ಗ್ರೀಸ್ ಕೈ ಮುಟ್ಟಿಸಲೇಬೇಡಿ, ಒತ್ತಡದ ಆಕ್ಸಿಜನ್ ಜೊತೆ ಎಣ್ಣೆ ತಾನಾಗಿ ಹೊತ್ತಿಕೊಳ್ಳುತ್ತದೆ.

ಹಂತ 7: ಮಷೀನ್ ಕೊಳ್ಳುವುದಾದರೆ

ಸಿಂಗಲ್ ಫೇಸ್‌ನ ಚಿಕ್ಕ ಇನ್ವರ್ಟರ್ ಮಷೀನ್ ಮೇಲೆ "400" ಅಂತ ದೊಡ್ಡದಾಗಿ ಬರೆದಿರುತ್ತಾರೆ. ಲೆಕ್ಕ ಹಾಕಿ ನೋಡಿ. ರಾಡ್ ವೆಲ್ಡಿಂಗ್‌ನಲ್ಲಿ 400 ಆಂಪ್‌ಗೆ 36 ವೋಲ್ಟ್ ಅಂತ ಲೆಕ್ಕ ಹಿಡಿಯುತ್ತಾರೆ. ಗುಣಿಸಿದರೆ 14 ಕಿಲೋವ್ಯಾಟ್ ಮೀರುತ್ತದೆ. 230 ವೋಲ್ಟ್‌ನ ಮನೆ ಲೈನಿನಿಂದ ಅಷ್ಟು ಎಳೆಯಬೇಕಾದರೆ 60 ಆಂಪ್‌ಗಿಂತ ಜಾಸ್ತಿ ಬೇಕು. ಯಾವ ಮನೆಯ ವೈರಿಂಗ್ ಕೊಡುತ್ತದೆ? ಹಿಂದೆ ಅಂಟಿಸಿದ ರೇಟಿಂಗ್ ಪ್ಲೇಟ್ ಓದಿ. ಅಲ್ಲಿ ಡ್ಯೂಟಿ ಸೈಕಲ್ ಅಂತ ಇರುತ್ತದೆ. 160 ಆಂಪ್‌ಗೆ ಶೇಕಡಾ 60 ಅಂದರೆ, ಹತ್ತು ನಿಮಿಷದಲ್ಲಿ ಆರು ನಿಮಿಷ ಆ ಕರೆಂಟಿನಲ್ಲಿ ಸುಡಬಹುದು, ನಾಲ್ಕು ನಿಮಿಷ ತಣಿಯಲು ಬಿಡಬೇಕು. 3.15 ರಾಡಿಗೆ 130 ಆಂಪ್ ಸಾಕು. ಗೇಟು, ಗ್ರಿಲ್ ಮಾಡುವವರಿಗೆ ಸುಮ್ನೆ ದೊಡ್ಡ ನಂಬರಿನ ಹಿಂದೆ ಹೋಗುವ ಅಗತ್ಯವಿಲ್ಲ.

ಅಂಗಡಿಯವರಿಗೆ ಕೇಳಬೇಕಾದ ಪ್ರಶ್ನೆ: "ಬೋರ್ಡ್ ಸುಟ್ಟರೆ ರಿಪೇರಿ ಎಲ್ಲಿ, ಎಷ್ಟು ದಿನ? ಅಲ್ಲಿಯವರೆಗೆ ಬೇರೆ ಮಷೀನ್ ಕೊಡ್ತೀರಾ?" ವಾರಂಟಿ ಕಾರ್ಡ್‌ಗೆ ಸೀಲ್, ತಾರೀಖು, ಮಷೀನ್ ಸೀರಿಯಲ್ ನಂಬರ್ ಹಾಕಿಸಿಕೊಳ್ಳದೆ ಹೊರಡಬೇಡಿ.

ಹಂತ 8: ಬಿಲ್ಲು ಮತ್ತು ಉದ್ರಿ

"ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ತೀನಿ" ಅನ್ನುವ ಮಾತು ಎಲ್ಲ ಕಡೆ ಬರುತ್ತದೆ. ಒಪ್ಪಬೇಡಿ. ಬಿಲ್ ಇಲ್ಲದಿದ್ದರೆ ಬ್ಯಾಚ್ ಕೆಟ್ಟಾಗ ಕೇಳುವ ಹಕ್ಕು ಹೋಯಿತು. ಬಿಲ್ಲಿನಲ್ಲಿ ಬರೀ "ವೆಲ್ಡಿಂಗ್ ರಾಡ್" ಅಂತ ಬರೆಸಬೇಡಿ. ಕಂಪನಿ, ವರ್ಗ, ಅಳತೆ, ಸಾಧ್ಯವಾದರೆ ಬ್ಯಾಚ್ ನಂಬರೂ ಬರಲಿ. ಅಂಗಡಿಯ ಜಿಎಸ್‌ಟಿ ನಂಬರ್ 15 ಅಕ್ಷರದ್ದು, ಕರ್ನಾಟಕದ್ದಾದರೆ 29 ರಿಂದ ಶುರುವಾಗುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಅಂಗಡಿಯ ಹೆಸರು ಬರಬೇಕು.

ಸ್ವಂತ ದುಡಿಮೆಗಾಗಿ, ಹೊಟ್ಟೆಪಾಡಿಗಾಗಿ ಮಷೀನ್ ಕೊಂಡವರನ್ನೂ 2019 ರ ಗ್ರಾಹಕ ರಕ್ಷಣಾ ಕಾಯ್ದೆ ಗ್ರಾಹಕ ಅಂತಲೇ ನೋಡುತ್ತದೆ. ಮಾತಿನಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಕ್ಕೆ ಫೋನ್ ಮಾಡಬಹುದು. ಅದಕ್ಕೂ ಬಿಲ್ ಬೇಕೇ ಬೇಕು.

ಉದ್ರಿ ಕೊಡುತ್ತಾರೆ ಅನ್ನುವ ಒಂದೇ ಕಾರಣಕ್ಕೆ ಅಂಗಡಿ ಹಿಡಿಯಬೇಡಿ. ಬಾಕಿ ಇರುವಾಗ "ಈ ರಾಡ್ ಸರಿಯಿಲ್ಲ" ಅಂತ ಹೇಳಲು ಬಾಯಿ ಬರುವುದಿಲ್ಲ, ಅಲ್ವಾ? ಮೊದಲ ಮೂರು ತಿಂಗಳು ರೊಕ್ಕ ಕೊಟ್ಟೇ ತಗೊಳ್ಳಿ. ಆಮೇಲೆ ಉದ್ರಿ ಶುರು ಮಾಡಿದರೂ ಎರಡೂ ಕಡೆ ಒಂದೇ ಲೆಕ್ಕದ ಪುಸ್ತಕ ಇರಲಿ.

ಅಂಗಡಿ ಗೊತ್ತಾದ ಮೇಲೂ ಇನ್ನೊಂದು ಅಂಗಡಿಯ ನಂಬರ್ ಫೋನಿನಲ್ಲಿರಲಿ. ಹಬ್ಬದ ದಿನ ಬಾಗಿಲು ಹಾಕಿರುತ್ತಾರೆ, ಮಳೆಗಾಲದಲ್ಲಿ ಗ್ಯಾಸ್ ಗಾಡಿ ಬರುವುದು ತಡವಾಗುತ್ತದೆ. ಸಿಲಿಂಡರ್ ಡೆಪಾಸಿಟ್ ರಸೀದಿಯನ್ನು ಮಾತ್ರ ಶೆಡ್‌ನಲ್ಲಿ ಇಡಬೇಡಿ, ಮನೆಯ ಬೀರುವಿನಲ್ಲಿಡಿ. ನಾಲ್ಕು ವರ್ಷದ ನಂತರ ಸಿಲಿಂಡರ್ ವಾಪಸ್ ಕೊಟ್ಟು ದುಡ್ಡು ಕೇಳುವಾಗ ಅಂಗಡಿಯವರು ಮೊದಲು ಕೇಳುವುದು ಆ ಕಾಗದವನ್ನೇ.